ಕೇಳುವವರನ್ನರಿತು ನುಡಿದ ಪ್ರಭುದೇವರು

ಶ್ರೋತೃವಿನ ಅಧಿಕಾರವನ್ನರಿತು ಮಾತನಾಡಬೇಕೆಂಬುದು ಧರ್ಮೋಪದೇಶಕರೆಲ್ಲರೂ ಒಪ್ಪುವ ಮಾತು. ಆದರೆ ಶ್ರೋತೃವನ್ನು ಅರಿಯುವುದು ಬೇರೆ, ಓಲೈಸುವುದು ಬೇರೆ. ಈ ಭೇದವು ಅಲ್ಲಮಪ್ರಭುದೇವರ ಸಂವಾದಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಪ್ರಭುದೇವರು 12ನೆಯ ಶತಮಾನದವರು. ಅವರ ಲೋಕಸಂಚಾರವನ್ನು ನಿರೂಪಿಸುವ ಚಾಮರಸನ ‘ಪ್ರಭುಲಿಂಗಲೀಲೆ’ಯೂ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲಿಗೆ ಸಂಕಲಿಸಿದ ‘ಶೂನ್ಯಸಂಪಾದನೆ’ಯೂ 15ನೆಯ ಶತಮಾನದವು. ಆದುದರಿಂದ ಅವು ಕಣ್ಣಾರೆ ಕಂಡವರ ವರದಿಗಳಲ್ಲ. ಶರಣರ ನುಡಿಯ ರೀತಿಯನ್ನು ಪರಂಪರೆಯು ಹೇಗೆ ಗ್ರಹಿಸಿತೆಂಬುದಕ್ಕೆ ಪ್ರಮಾಣಗಳು.

ತೋಟಿಗನಾದ ಗೊಗ್ಗಯ್ಯನ ಪ್ರಸಂಗದಲ್ಲಿ ಪ್ರಭುದೇವರು ತೋಟದ ಭಾಷೆಯನ್ನೇ ಬಳಸುತ್ತಾರೆ. ಅಗೆಯುವುದು, ಬಿತ್ತುವುದು, ನೀರು ಹಾಯಿಸುವುದು, ಬೇಲಿ ಕಟ್ಟುವುದು, ಇವೇ ಅಲ್ಲಿ ಅಂತರಂಗಸಾಧನೆಯ ಕ್ರಮವಾಗುತ್ತವೆ. ಕೈಗೆ ಪರಿಚಿತವಾದ ಕಾಯಕವೇ ಅರಿವಿಗೆ ಬಾಗಿಲಾಗುತ್ತದೆ.

ಸೊನ್ನಲಿಗೆಯ ಸಿದ್ಧರಾಮನೆದುರು ಅದೇ ನಾಲಗೆ ಕಠಿಣವಾಗುತ್ತದೆ. ಕೆರೆಗಳನ್ನು ತೋಡಿಸಿ ಗುಡಿಗಳನ್ನು ಕಟ್ಟಿಸಿ ಕೀರ್ತಿವೆತ್ತ ಆ ಯೋಗಿಯನ್ನು ಪ್ರಭುದೇವರು ‘ಒಡ್ಡ’ನೆಂದು ಕರೆದರು. ಕೆರಳಿದ ಶಿಷ್ಯರು ಕಲ್ಲು ಬೀರಿದರೆಂದು ಕಥೆ ಹೇಳುತ್ತದೆ. ಇದು ದುಡಿಯುವವರ ನಿಂದೆಯೆನ್ನಲಾಗದು. ಗೊಗ್ಗಯ್ಯನ ಗುದ್ದಲಿಯನ್ನು ಗೌರವಿಸಿದವರು ಮಣ್ಣಿನ ಕೆಲಸವನ್ನು ಹೀನವೆಂದು ಬಗೆಯಲಾರರು. ಪೆಟ್ಟು ಬಿದ್ದುದು ಲೋಕೋಪಕಾರದ ಒಳಗೆ ಅಡಗಿದ್ದ ‘ನಾನು ಮಾಡಿದೆ’ ಎಂಬ ಭಾವಕ್ಕೆ. ಹೊಗಳಿಕೆಗೆ ಒಗ್ಗಿದ ಕಿವಿಗೆ ಮೃದುವಚನವು ಮತ್ತೊಂದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಅಜಗಣ್ಣನ ಅಗಲಿಕೆಯಿಂದ ಶೋಕಿಸುತ್ತಿದ್ದ ಮುಕ್ತಾಯಕ್ಕನ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಅಣ್ಣನನ್ನೇ ಗುರುವೆಂದು ನಂಬಿದ್ದ ಆಕೆ ಪ್ರಭುದೇವರ ಸಾಂತ್ವನವನ್ನು ತಲೆಬಾಗಿ ಸ್ವೀಕರಿಸಲಿಲ್ಲ. ಅರಿತವನಿಗೆ ಮಾತಿನ ಹಂಗೇಕೆಂದು ಮರುಪ್ರಶ್ನಿಸಿದಳು. ಪ್ರಭುದೇವರು ಆಕೆಯನ್ನು ಗದರಲಿಲ್ಲ, ಮಾತನ್ನು ಸಡಿಲಿಸಲೂ ಇಲ್ಲ. ಸಮಾನಳೊಡನೆ ಚರ್ಚಿಸುವಂತೆ ಉತ್ತರಿಸುತ್ತ ಹೋದರು. ಶ್ರೋತೃವನ್ನು ಅರಿಯಹೊರಟವನನ್ನು ಶ್ರೋತೃವೂ ಪರೀಕ್ಷಿಸುತ್ತಾನೆಂಬುದನ್ನು ಈ ಪ್ರಸಂಗ ತೋರಿಸುತ್ತದೆ.

ಮೂವರಿಗೂ ತಲುಪಿದ ತತ್ತ್ವ ಒಂದೇ: ಅಹಂಭಾವದ ಲಯ. ತೋಟಿಗನಿಗೆ ಅದು ಉಪಮೆಯಾಗಿ, ಕರ್ಮಯೋಗಿಗೆ ಪೆಟ್ಟಾಗಿ, ಶೋಕಾರ್ತಳಿಗೆ ಸಂವಾದವಾಗಿ ಬಂದಿತು. ಬದಲಾದುದು ದಾರಿ, ಗುರಿಯಲ್ಲ.

ಸಭೆಯ ಮುಖ ನೋಡಿ ತತ್ತ್ವವನ್ನೇ ತಿದ್ದಿಕೊಳ್ಳುವ ವಾಗ್ಮಿಗಳು ಎಲ್ಲ ಕಾಲದಲ್ಲಿಯೂ ಉಂಟು. ಅವರು ಕರತಾಡನವನ್ನು ಪಡೆಯುತ್ತಾರೆ, ಕೇಳಿದವರು ಬಂದಂತೆಯೇ ಹಿಂದಿರುಗುತ್ತಾರೆ. ಸಿದ್ಧರಾಮನಾದರೋ ಕಟುನುಡಿಯನ್ನು ಕೇಳಿ ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದನು. ನುಡಿಯು ಕೇಳುವವನಿಗೆ ತಕ್ಕುದಾಗಿತ್ತೆಂಬುದಕ್ಕೆ ಆ ನಡೆಯೇ ಸಾಕ್ಷಿ.