ಹಲ್ಲು ನೇರವಾದ ಕಥೆ

ಹಲ್ಲಿಗೆ ತಂತಿ ಹಾಕಿಸುವ ಮಾತು ಬಂದಾಗ ಮೊಮ್ಮಗಳು ಕೇಳಿದಳು: "ತಾತಾ, ನೋಯುತ್ತದೆಯೇ? ಹಲ್ಲು ಹಾಳಾಗುವುದಿಲ್ಲವೇ?"

ಈ ಚಿಕಿತ್ಸೆ ಹಳೆಯದು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ತಮ್ಮ ಗ್ರಂಥದಲ್ಲಿ, ವಕ್ರದಂತಗಳನ್ನು ಲೋಹದ ಪಟ್ಟಿಗೆ ದಾರದಿಂದ ಬಿಗಿದು ಸರಿಪಡಿಸುವ ಕ್ರಮವನ್ನು ವಿವರಿಸಿದರು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯುನೊಕೋರ್, ಫಾಸ್ಫಾರಿಕ್ ಆಮ್ಲದಿಂದ ಎನಾಮಲ್ಲನ್ನು ತುಸು ಒರಟಾಗಿಸಿದರೆ ರಾಳವು ಗಟ್ಟಿಯಾಗಿ ಅಂಟುವುದೆಂದು ತೋರಿಸಿದರು. ಬ್ರಾಕೆಟ್ ಅಂಟಿಸುವುದೂ ಮುರಿದ ಹಲ್ಲಿನ ಬಾಂಡಿಂಗೂ ಅದರ ಫಲ.

ಬಾಂಡಿಂಗಿಗೆ ಹಲ್ಲನ್ನು ಹೆಚ್ಚು ಅರೆಯಬೇಕಿಲ್ಲ. ಆದರೆ ಅದು ಶಾಶ್ವತವಲ್ಲ, ಕಾಲಕ್ರಮೇಣ ಕಲೆಗಟ್ಟಬಹುದು, ಚಕ್ಕೆ ಏಳಬಹುದು. ತಂತಿಯ ನೋವು ಸಾಮಾನ್ಯವಾಗಿ ಕೆಲವೇ ದಿನ. ಹಲ್ಲುಜ್ಜದೆ ಉದಾಸೀನ ಮಾಡಿದರೆ ಮಾತ್ರ ಹುಳುಕು ಹಿಡಿಯುವ ಸಾಧ್ಯತೆ ಹೆಚ್ಚು. ತಂತಿ ತೆಗೆದ ಮೇಲೆ ರಿಟೇನರ್ ಧರಿಸದಿದ್ದರೆ ಹಲ್ಲು ಹಳೆಯ ಜಾಗದತ್ತ ಸರಿಯುತ್ತದೆ.

ತಿದ್ದಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ; ಇದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಿಲ್ಲ.