ಅಪಖ್ಯಾತಿ ಹೊತ್ತ ವಿಮಾನಗಳೂ ಪ್ರಯಾಣಿಕರ ವಿಶ್ವಾಸವೂ

ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಆದವಾನಿ, ಎಮ್ಮಿಗನೂರು, ಮಂತ್ರಾಲಯ, ನಾಗಲದಿನ್ನೆಗಳ ಸುತ್ತ ನೆಲಸಿರುವ ಕನ್ನಡಿಗರಿಗೆ ವಿಮಾನಯಾನವೆಂಬುದು ಬಹುಕಾಲದವರೆಗೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಆ ಬಳಿಕ ಕೈಗೊಳ್ಳಬೇಕಾದ ದೂರದ ವ್ಯವಹಾರವಾಗಿತ್ತು. 2021ರ ಮಾರ್ಚ್ ತಿಂಗಳಲ್ಲಿ ಅದೇ ಜಿಲ್ಲೆಯ ಓರ್ವಕಲ್ಲಿನಲ್ಲಿ ಉಯ್ಯಾಲವಾಡ ನರಸಿಂಹಾರೆಡ್ಡಿಯವರ ಹೆಸರಿನ ವಿಮಾನ ನಿಲ್ದಾಣವು ಆರಂಭವಾಗಿ, ಅಲ್ಲಿಂದ ಬೆಂಗಳೂರು, ಚೆನ್ನೈ, ವಿಶಾಖಪಟ್ಟಣಗಳಿಗೆ ಇಂಡಿಗೋ ಸಂಸ್ಥೆಯ ವಿಮಾನಗಳು ಹಾರತೊಡಗಿದಾಗ ಆ ದೂರವು ಕುಗ್ಗಿತು. ಅದರೊಡನೆ ಒಂದು ಪ್ರಶ್ನೆಯೂ ಸಮೀಪಕ್ಕೆ ಬಂದಿತು. ಓರ್ವಕಲ್ಲಿಗೆ ಬಂದದ್ದು ಎರಡು ಪ್ರೊಪೆಲ್ಲರುಗಳ ಎ.ಟಿ.ಆರ್-72. ಇದೇ ಜಾತಿಯ ವಿಮಾನವು 2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಬಿದ್ದು 72 ಮಂದಿಯನ್ನೂ, 2024ರ ಆಗಸ್ಟ್ 9ರಂದು ಬ್ರೆಜಿಲಿನ ವಿನ್ಯೆಡೊದಲ್ಲಿ ಬಿದ್ದು 62 ಮಂದಿಯನ್ನೂ ಬಲಿ ತೆಗೆದುಕೊಂಡಿತು. ಇಂತಹುದನ್ನು ನಂಬಿ ಹೆಂಡತಿ ಮಕ್ಕಳೊಡನೆ ಏರಬಹುದೆ ಎಂದು ಕೇಳುವುದು ಭೀರುತನವಲ್ಲ. ಟಿಕೆಟ್ಟಿನ ಹಣ ಕೊಟ್ಟು ಪ್ರಾಣವನ್ನು ಪರರ ಕೈಗೊಪ್ಪಿಸುವವನಿಗೆ ಸಲ್ಲತಕ್ಕ ಹಕ್ಕು. 2009ರ ನೆರೆಯಲ್ಲಿ ತುಂಗಭದ್ರೆಯ ಸೇತುವೆ ಕೊಚ್ಚಿಹೋದದ್ದನ್ನು ಕಂಡ ನಾಗಲದಿನ್ನೆಯ ಜನ ಹೊಸ ಸೇತುವೆಯನ್ನು ದಾಟುವ ಮುನ್ನ ಅದರ ತಳಪಾಯವನ್ನು ಕುರಿತು ವಿಚಾರಿಸುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ.

ಈ ಪ್ರಶ್ನೆಯು ಜೆಟ್ ವಿಮಾನಗಳಷ್ಟೇ ಹಳೆಯದು. ಜಗತ್ತಿನ ಮೊತ್ತಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ ಕಾಮೆಟ್ 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಸಂಚಾರವನ್ನಾರಂಭಿಸಿತು. ಸರಿಯಾಗಿ ಒಂದು ವರ್ಷ ತುಂಬಿದ ದಿನವೇ ಕಲ್ಕತ್ತೆಯಿಂದ ಮೇಲೆದ್ದ ಒಂದು ಕಾಮೆಟ್ ಬಿರುಗಾಳಿಗೆ ಸಿಕ್ಕಿ ಛಿದ್ರವಾಗಿ, ಅದರಲ್ಲಿದ್ದ 43 ಮಂದಿಯೂ ಮಡಿದರು. 1954ರ ಜನವರಿಯಲ್ಲಿ ಇನ್ನೊಂದು ಇಟಲಿಯ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಿತು. ಆಗ ಕಾಮೆಟ್‌ಗಳನ್ನೆಲ್ಲ ತಡೆದು, ಊಹೆಗೆ ನಿಲುಕಿದ ದೋಷಗಳನ್ನೆಲ್ಲ ತಿದ್ದಿ, ಆದರೆ ನಿಜವಾದ ಕಾರಣವನ್ನು ಕಂಡುಹಿಡಿಯದೆಯೇ, ಮಾರ್ಚಿನಲ್ಲಿ ಮತ್ತೆ ಹಾರಲು ಬಿಟ್ಟರು. ಏಪ್ರಿಲ್ 8ರಂದು ಮೂರನೆಯದು ನೇಪಲ್ಸ್ ಬಳಿಯ ಕಡಲಿನ ಪಾಲಾಯಿತು. ಆಮೇಲಷ್ಟೇ ಫಾರ್ನ್‌ಬರೋದ ವಿಜ್ಞಾನಿಗಳು ಇಡೀ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಳಿಸಿ, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ ಸಹಸ್ರಾರು ಹಾರಾಟಗಳ ಆಯಾಸವನ್ನು ಅದಕ್ಕೆ ಅನುಭವಿಸುವಂತೆ ಮಾಡಿ, ಲೋಹವು ದಣಿದು ರಂಧ್ರಗಳ ಮೂಲೆಗಳಲ್ಲಿ ಬಿರಿಯುತ್ತದೆಂಬುದನ್ನು ಕಣ್ಣಾರೆ ಕಂಡರು. ಪುನಾರಚಿತವಾದ ಕಾಮೆಟ್ 1958ರಲ್ಲಿ ಅಟ್ಲಾಂಟಿಕ್ ಮಹಾಸಾಗರವನ್ನು ದಾಟಿತು. ಎಲ್ಬಾದ ಸಾವುಗಳು ಅಜ್ಞಾನದಿಂದಾದವು; ನೇಪಲ್ಸಿನ ಸಾವುಗಳು ಆತುರದಿಂದಾದವು. ಆದಕಾರಣ ಒಂದು ವಿಮಾನಜಾತಿಯನ್ನು ಅಳೆಯಲು ನಾನು ಸತ್ತವರ ಸಂಖ್ಯೆಗಿಂತ ಹೆಚ್ಚಾಗಿ ಒಂದೇ ಪ್ರಶ್ನೆಯನ್ನು ನೆಚ್ಚುತ್ತೇನೆ: ಒಮ್ಮೆ ಕೊಂದ ದೋಷವು ಎರಡನೆಯ ಸಲವೂ ಕೊಂದಿತೆ?

ಈ ಒರೆಗಲ್ಲಿನಲ್ಲಿ ಅಮೆರಿಕದ ಡಿ.ಸಿ-10 ಸೋತಿತು. 1972ರಲ್ಲಿ ಅದರ ಸರಕಿನ ಬಾಗಿಲು ಆಕಾಶದಲ್ಲಿಯೇ ಕಳಚಿಕೊಂಡಾಗ ಚಾಲಕರ ಕೌಶಲದಿಂದ ಎಲ್ಲರೂ ಬದುಕಿದರು. ಆದರೆ ನಿಯಂತ್ರಣ ಸಂಸ್ಥೆಯು ಕಡ್ಡಾಯವಾದ ಆಜ್ಞೆಯನ್ನು ಹೊರಡಿಸದೆ ತಯಾರಕರ ಮಾತಿನ ಮೇಲೆ ಭರವಸೆಯಿಟ್ಟಿತು. 1974ರ ಮಾರ್ಚ್ 3ರಂದು ಪ್ಯಾರಿಸ್ ಬಳಿ ಅದೇ ಬಾಗಿಲು ಅದೇ ರೀತಿ ಕಳಚಿ 346 ಮಂದಿ ಮಡಿದರು.

ಕನ್ನಡ ನಾಡು ಈ ಚರಿತ್ರೆಯೊಳಕ್ಕೆ ಪ್ರವೇಶಿಸಿದ್ದು 1990ರ ಫೆಬ್ರವರಿ 14ರ ಮಧ್ಯಾಹ್ನ. ಮುಂಬಯಿಯಿಂದ 146 ಮಂದಿಯನ್ನು ಹೊತ್ತು ಬಂದ ಇಂಡಿಯನ್ ಏರ್‌ಲೈನ್ಸಿನ ಹೊಸತಾಗಿಯೇ ಸೇವೆಗೆ ಸೇರಿದ್ದ ಎ-320 ವಿಮಾನವು ಬೆಂಗಳೂರಿನ ಎಚ್‌.ಎ.ಎಲ್. ನಿಲ್ದಾಣದ ರನ್‌ವೇಗೆ ತಲುಪುವ ಮುನ್ನವೇ ಗಾಲ್ಫ್ ಮೈದಾನದ ನೆಲಕ್ಕೆ ತಗುಲಿ ಹೊತ್ತಿ ಉರಿದು, 92 ಮಂದಿ ಅಸುನೀಗಿದರು. ಎ-320 ಆಗ ಪ್ರಪಂಚಕ್ಕೆಲ್ಲ ಅಚ್ಚರಿಯ ಯಂತ್ರ: ಚಾಲಕನ ಕೈಯ ಆದೇಶಗಳನ್ನು ಕಂಪ್ಯೂಟರುಗಳು ವಿದ್ಯುತ್ ಸಂಕೇತಗಳಾಗಿ ರೆಕ್ಕೆಗೂ ಬಾಲಕ್ಕೂ ಮುಟ್ಟಿಸುವ ಪದ್ಧತಿಯನ್ನು ಪ್ರಯಾಣಿಕ ವಿಮಾನಗಳಲ್ಲಿ ಪೂರ್ಣವಾಗಿ ಅಳವಡಿಸಿದ್ದು ಅದರಲ್ಲಿಯೇ. 1988ರ ಜೂನ್‌ನಲ್ಲಿ ಫ್ರಾನ್ಸಿನ ಹಬ್ಸ್‌ಹೈಮ್‌ನಲ್ಲಿ ಪ್ರದರ್ಶನದ ಹಾರಾಟದಲ್ಲಿಯೇ ಅಂತಹ ಒಂದು ವಿಮಾನವು ಮರಗಳೊಳಕ್ಕೆ ನುಗ್ಗಿದ್ದರಿಂದ ಜನರ ಸಂಶಯವು ಅದಾಗಲೇ ಕೆರಳಿದ್ದಿತು. ಬೆಂಗಳೂರಿನ ದುರಂತದ ಬಳಿಕ ಭಾರತ ಸರ್ಕಾರವು ಇಡೀ ಎ-320 ತಂಡವನ್ನೇ ನೆಲಕ್ಕಿಳಿಸಿತು.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ನೇತೃತ್ವದಲ್ಲಿ ನಡೆದ ವಿಚಾರಣೆಯು ಕಂಡ ಸತ್ಯವು ಯಂತ್ರದ್ವೇಷಿಗಳಿಗೂ ಯಂತ್ರಭಕ್ತರಿಗೂ ಏಕಪ್ರಕಾರವಾಗಿ ಅಹಿತವಾದುದು. ಇಳಿಯುವ ಅಂತಿಮ ಘಟ್ಟದಲ್ಲಿ ವಿಮಾನವು, ಎಂಜಿನುಗಳು ಶಕ್ತಿಹೀನವಾಗಿ ತಿರುಗುತ್ತಿರುವಂತಹ ಅವರೋಹಣ ಕ್ರಮದಲ್ಲಿದ್ದಿತು. ಇಳಿಕೆಯ ವೇಗವನ್ನು ನಿಗದಿಪಡಿಸುವ ಗುಂಡಿಗೆ ಬದಲಾಗಿ ಎತ್ತರವನ್ನು ನಿಗದಿಪಡಿಸುವ ಗುಂಡಿಯನ್ನು ತಿರುಗಿಸಿದ್ದೇ ಇದಕ್ಕೆ ಬಹುಶಃ ಮೂಲ. ವೇಗವು ಕುಸಿಯುತ್ತಿದ್ದುದನ್ನು ಚಾಲಕರು ಸಕಾಲದಲ್ಲಿ ಗಮನಿಸಲಿಲ್ಲ. ದೋಷ ಚಾಲಕರದೆಂದು ಬರೆದು ಕಡತವನ್ನು ಮುಚ್ಚುವುದು ಸುಲಭ. ಆದರೆ ನುರಿತ ಚಾಲಕರಿಬ್ಬರು ನಿರ್ಮಲವಾದ ಹಗಲಿನಲ್ಲಿ ಯಂತ್ರವು ಏನು ಮಾಡುತ್ತಿದೆಯೆಂಬುದನ್ನೇ ಅರಿಯದೆ ಹೋದರೆಂದರೆ, ಆ ಯಂತ್ರವು ತನ್ನ ಸ್ಥಿತಿಯನ್ನು ಅವರಿಗೆ ಸ್ಪಷ್ಟವಾಗಿ ತಿಳಿಸುತ್ತಿರಲಿಲ್ಲವೆಂದೂ, ಅವರ ತರಬೇತಿಯು ಸಾಲದಾಗಿತ್ತೆಂದೂ ಅರ್ಥವಲ್ಲವೆ? ಎರಡು ವರ್ಷಗಳೊಳಗಾಗಿ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ಬಳಿಯ ಬೆಟ್ಟಕ್ಕೆ ಇನ್ನೊಂದು ಎ-320 ಅಪ್ಪಳಿಸಿ 87 ಮಂದಿ ಸತ್ತರು. ಅಲ್ಲಿಯೂ ಒಂದೇ ಗುಂಡಿಯಿಂದ ಎರಡು ಬಗೆಯ ಅವರೋಹಣಗಳನ್ನು ಆಯ್ದುಕೊಳ್ಳುವಾಗ ಉಂಟಾದ ಗೊಂದಲವೇ ಕಾರಣವಿದ್ದಿರಬೇಕೆಂದು ತನಿಖೆಯು ತರ್ಕಿಸಿತು. ಗೊಂದಲದ ಜಾತಿ ಒಂದೇ. ಬೆಂಗಳೂರಿನ ಪಾಠವು ಸಾಕಷ್ಟು ಬೇಗ ಜಗತ್ತಿಗೆ ತಲುಪಿದ್ದರೆ ಆ ಬೆಟ್ಟದ ಮೇಲಿನ ಜೀವಗಳು ಉಳಿಯುತ್ತಿದ್ದುವೇನೋ ಎಂಬ ವ್ಯಥೆಯನ್ನು ನಾನು ಅದುಮಿಡಲಾರೆ. ಅಂಕೆಗಳನ್ನು ತೋರುವ ಫಲಕವನ್ನು ಅನಂತರ ತಿದ್ದಿದರು, ತರಬೇತಿಯನ್ನು ಬದಲಿಸಿದರು. ಇಂದು ಭಾರತದ ಆಕಾಶದಲ್ಲಿ ಅತ್ಯಧಿಕ ಪ್ರಯಾಣಿಕರನ್ನು ಹೊರುತ್ತಿರುವುದು ಇದೇ ವಂಶದ ವಿಮಾನ. ಅದರ ಮುಂಬಾಗಿಲುಗಳಲ್ಲಿ ಹಲವನ್ನು ಬಹುಕಾಲ ತಯಾರಿಸಿಕೊಟ್ಟದ್ದು, ಅದು ಉರಿದ ಮೈದಾನಕ್ಕೆ ನೆರೆಯ ಎಚ್‌.ಎ.ಎಲ್. ಕಾರ್ಖಾನೆ.

ಒಳ್ಳೆಯ ಹೆಸರಿನ ವಿಮಾನವು ಬೀಳುವುದೇ ಇಲ್ಲವೆಂದು ಭಾವಿಸುವುದೂ ಭ್ರಮೆ. 2010ರ ಮೇ 22ರಂದು ದುಬೈನಿಂದ ಬಂದು ಮಂಗಳೂರಿನ ಬಜ್ಪೆಯ ಗುಡ್ಡದಂಚಿನಿಂದ ಕೆಳಗುರುಳಿದ್ದು ಬೋಯಿಂಗ್ 737-800; ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಮನೆಮನೆಗಳು ಗೋಳಿಟ್ಟ ಆ ದಿನ 158 ಮಂದಿ ತೀರಿಕೊಂಡರು, 8 ಮಂದಿ ಮಾತ್ರ ಉಳಿದರು. ಅದರಲ್ಲಿ ವಿಮಾನಜಾತಿಯ ದೋಷವಿರಲಿಲ್ಲ. ಅಸ್ಥಿರವಾದ ಇಳಿತವನ್ನು ಕೈಬಿಟ್ಟು ಮೇಲೇರಬೇಕೆಂದು ಸಹಚಾಲಕನು ಮೂರು ಸಲ ಹೇಳಿದರೂ ಮುಖ್ಯ ಚಾಲಕನು ಕೇಳಲಿಲ್ಲ. ಹದಿಮೂರು ವರ್ಷಗಳಿಗೂ ಮೀರಿ ಮಾರಕ ಅಪಘಾತವಿಲ್ಲದೆ ಹಾರಿದ ಬೋಯಿಂಗ್ 787 ಕೂಡ 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದಿತು.

ಆದರೆ 737ರ ಹೊಸ ಪೀಳಿಗೆಯಾದ ಮ್ಯಾಕ್ಸ್‌ನ ಕಥೆಯು ಡಿ.ಸಿ-10ರ ಪಾಪವನ್ನೇ ಪುನರಭಿನಯಿಸಿತು. ಎಂಜಿನುಗಳು ದೊಡ್ಡವಾದುದರಿಂದ ಬದಲಾದ ನಡವಳಿಕೆಯನ್ನು ಸರಿದೂಗಿಸಲು ಮೂತಿಯನ್ನು ತಾನಾಗಿ ಕೆಳಕ್ಕೊತ್ತುವ ಒಂದು ಗುಪ್ತ ವ್ಯವಸ್ಥೆಯನ್ನಿಟ್ಟು, ಅದನ್ನು ಒಂದೇ ಒಂದು ಸಂವೇದಕಕ್ಕೆ ಕಟ್ಟಿ, ಚಾಲಕರ ಕೈಪಿಡಿಯಲ್ಲಿ ವಿವರಿಸದೆ ಮಾರಿದರು. 2018ರ ಅಕ್ಟೋಬರ್ 29ರಂದು ಜಾವಾ ಸಮುದ್ರದಲ್ಲಿ 189 ಮಂದಿ ಮಡಿದಾಗ ದೋಷವು ಬಯಲಾಯಿತು. ಆದರೂ ವಿಮಾನಗಳನ್ನು ನಿಲ್ಲಿಸಲಿಲ್ಲ. 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ ಮತ್ತೆ 157 ಮಂದಿ. ಎರಡೂ ಕೂಡಿದರೆ 346, ಪ್ಯಾರಿಸಿನ ಸಂಖ್ಯೆಯೇ. ಭಾರತವು ಅದನ್ನು ಮತ್ತೆ ಹಾರಲು ಬಿಟ್ಟದ್ದು 2021ರ ಆಗಸ್ಟಿನಲ್ಲಿ, ವ್ಯವಸ್ಥೆಯನ್ನು ತಿದ್ದಿ ಚಾಲಕರಿಗೆ ತರಬೇತಿ ಕೊಟ್ಟ ಮೇಲೆ. ನಮ್ಮ ನಿಯಂತ್ರಕರು ಕಟುವಾದ ನಿಲುವನ್ನು ತಾಳಿದ್ದೂ ಉಂಟು: 2019ರ ನವೆಂಬರಿನಲ್ಲಿ ಇಂಡಿಗೋದ 97 ಎ-320 ನಿಯೋ ವಿಮಾನಗಳ ಎಂಜಿನುಗಳನ್ನು ಬದಲಿಸದಿದ್ದರೆ ನೆಲಕ್ಕಿಳಿಸುವುದಾಗಿ ಗಡುವು ಕೊಟ್ಟರು. ಅಪಘಾತಕ್ಕೆ ಮುನ್ನ ಕೈಗೊಂಡ ಇಂತಹ ಕ್ರಮವೇ ಪ್ರಯಾಣಿಕನ ನಿಜವಾದ ರಕ್ಷೆ.

ಈಗ ಓರ್ವಕಲ್ಲಿನ ಎ.ಟಿ.ಆರ್. ವಿಷಯಕ್ಕೆ ಬರೋಣ. ಹಿಮವೇ ಇದರ ಹಳೆಯ ವೈರಿ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ, ರೆಕ್ಕೆಯ ಹಿಮನಿವಾರಕ ಪಟ್ಟಿಗಳ ಆಚೆಗೆ ಮಂಜು ಕಟ್ಟಿ, ನಿಯಂತ್ರಣ ತಪ್ಪಿ 68 ಮಂದಿ ಸತ್ತ ಮೇಲೆ ಆ ಪಟ್ಟಿಗಳನ್ನು ಅಗಲಗೊಳಿಸಿದರು, ತೀವ್ರ ಹಿಮದಲ್ಲಿ ಹಾರುವುದನ್ನು ನಿರ್ಬಂಧಿಸಿದರು. ವಿನ್ಯೆಡೊದಲ್ಲಿಯೂ ವಿಮಾನವು ಹಿಮದ ವಲಯದಲ್ಲಿಯೇ ಇದ್ದುದರಿಂದ, ಈ ಜಾತಿಯ ಮೇಲಿನ ಆ ಕಳಂಕವು ಪೂರ್ಣವಾಗಿ ತೊಳೆದುಹೋಗಿದೆಯೆಂದು ನಾನು ಹೇಳಲಾರೆ. ಪೋಖರಾದ ಸಂಗತಿ ಬೇರೆ: ಫ್ಲ್ಯಾಪುಗಳನ್ನು ಇಳಿಸುವ ಸನ್ನೆಗೆ ಬದಲಾಗಿ ಚಾಲಕರು ಪ್ರೊಪೆಲ್ಲರುಗಳ ಸನ್ನೆಗಳನ್ನು ಎಳೆದುದರಿಂದ ಎರಡೂ ಎಂಜಿನುಗಳ ನೂಕುಬಲವು ಇಲ್ಲವಾಯಿತು. ದಖ್ಖನಿನ ಬಿಸಿಲ ಮೇಲಿನ ಅಲ್ಪದೂರದ ಹಾರಾಟದಲ್ಲಿ ರೋಸ್‌ಲಾನಿನ ಹಿಮಕ್ಕೆ ಅವಕಾಶ ಕಡಿಮೆ. ಚಾಲಕರ ತರಬೇತಿ, ಅವರ ವಿಶ್ರಾಂತಿ, ಯಂತ್ರದ ಪಾಲನೆ ಇವುಗಳೇ ಇಲ್ಲಿ ನಿರ್ಣಾಯಕ. ಆದ್ದರಿಂದ ಎ.ಟಿ.ಆರ್. ಎಂಬ ಹೆಸರನ್ನು ಕೇಳಿ ಬೆದರಿ ರಾತ್ರಿಯ ಹೆದ್ದಾರಿಯ ಬಸ್ಸನ್ನು ಹಿಡಿಯುವುದು ವಿವೇಕವೆಂದು ನನಗೆ ತೋರುವುದಿಲ್ಲ. ಓರ್ವಕಲ್ಲಿನಲ್ಲಿ ಅದನ್ನು ಏರಬಹುದು.

ಆದರೆ ಇಂತಹ ತೀರ್ಮಾನಕ್ಕೆ ಬರಬೇಕಾದರೆ ತನಿಖೆಯ ವರದಿಗಳನ್ನು ಓದಬೇಕು; ಅವು ಬರುವುದು ಇಂಗ್ಲಿಷಿನಲ್ಲಿ, ತಾಂತ್ರಿಕ ಪರಿಭಾಷೆಯಲ್ಲಿ. ನ್ಯಾಯಮೂರ್ತಿ ಭಟ್ಟರ ವರದಿಯಿಂದ ಹಿಡಿದು ಮಂಗಳೂರು, ಅಹಮದಾಬಾದುಗಳ ವರದಿಗಳವರೆಗೆ ಎಲ್ಲವೂ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸರಳವಾದ ರೂಪದಲ್ಲಿ ದೊರೆಯುವಂತೆ ಕೇಂದ್ರದ ನಾಗರಿಕ ವಿಮಾನಯಾನ ಇಲಾಖೆಯು ಏರ್ಪಾಡು ಮಾಡಬೇಕು. ನಮ್ಮ ಪತ್ರಿಕೆಗಳು ಅಪಘಾತದ ದಿನದ ಹೊಗೆಯ ಚಿತ್ರಕ್ಕೆ ಕೊಡುವಷ್ಟು ಸ್ಥಳವನ್ನು ವರ್ಷದ ಬಳಿಕ ಹೊರಬರುವ ಕಾರಣಕ್ಕೂ ಕೊಡಬೇಕೆಂದು ನನ್ನ ಪ್ರಾರ್ಥನೆ.