ಕಾಣದ ಸ್ವತ್ತಿನ ಕಳ್ಳತನ

ಕಣ್ಣಿಗೆ ಕಾಣದ, ಕೈಗೆ ಸಿಗದ ವಿದ್ಯುತ್ತನ್ನು ಕದಿಯಲು ಸಾಧ್ಯವೇ? ಶತಮಾನದ ಹಿಂದೆ ಯುರೋಪಿನ ನ್ಯಾಯಾಧೀಶರನ್ನು ಕಾಡಿದ ಪ್ರಶ್ನೆಯಿದು. ವಿದ್ಯುತ್ತು ‘ವಸ್ತು’ವಲ್ಲ, ಆದ್ದರಿಂದ ಅದರ ಕಳ್ಳತನವೂ ಇಲ್ಲ ಎಂದು 1899ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಲ್ಲಿನ ಸಂಸತ್ತು 1900ರಲ್ಲಿ ಹೊಸ ಕಾನೂನನ್ನೇ ತರಬೇಕಾಯಿತು.

ಹಾಲೆಂಡಿನಲ್ಲಿ ಆದದ್ದೇ ಬೇರೆ. ಹೇಗ್ ನಗರದ ದಂತವೈದ್ಯನೊಬ್ಬ ಮೀಟರಿಗೆ ಕಡ್ಡಿ ತೂರಿಸಿ ಅದರ ಓಟ ನಿಲ್ಲಿಸಿದ್ದ. ವಿದ್ಯುತ್ತಿನ ಉತ್ಪಾದನೆಗೆ ಹಣ, ಶ್ರಮ ಬೇಕು; ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು; ಬೆಲೆಯೂ ಉಂಟು. ಆದ್ದರಿಂದ ಅದು ಸ್ವತ್ತೇ ಎಂದು 1921ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಭಾರತದಲ್ಲಾದರೋ ಇದಕ್ಕೂ ಮೊದಲೇ, 1910ರ ವಿದ್ಯುಚ್ಛಕ್ತಿ ಕಾಯಿದೆಯ 39ನೇ ಕಲಮು ಅಪ್ರಾಮಾಣಿಕವಾಗಿ ವಿದ್ಯುತ್ ಸೆಳೆಯುವುದನ್ನು ಕಳ್ಳತನವೆಂದೇ ಪರಿಗಣಿಸಿತ್ತು.

ಹಳೆಯ ಕಾನೂನನ್ನು ಹೊಸ ಸ್ವತ್ತಿಗೆ ಹಿಗ್ಗಿಸಬೇಕಾದವರು ನ್ಯಾಯಾಧೀಶರೇ, ಶಾಸಕರೇ? ಕಾಣದ ಸ್ವತ್ತುಗಳೇ ಹೆಚ್ಚುತ್ತಿರುವ ಇಂದಿಗೂ ಈ ಪ್ರಶ್ನೆ ಹಳತಾಗಿಲ್ಲ.